ಬಡ್ಡಿ ಎಮನ್ಸ್ ಸ್ಟೀಲ್ ಗಿಟಾರಿನಲ್ಲಿ ಅಷ್ಟು ದೊಡ್ಡ ಹೆಸರಾಗಿದ್ದು ಹೇಗೆ?

ಚೆನ್ನಾಗಿ ನುಡಿಸಿದ್ದಷ್ಟೇ ಅಲ್ಲ, ವಾದ್ಯದ ರಚನೆಯನ್ನೇ ಬದಲಿಸಿದರು. 1937ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ಎಮನ್ಸ್, 1955ರಲ್ಲಿ ಗಾಯಕ ಲಿಟಲ್ ಜಿಮ್ಮಿ ಡಿಕನ್ಸ್ ತಂಡ ಸೇರಿ, ಕಂಟ್ರಿ ಸಂಗೀತದ (ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಶೈಲಿ) ತವರಾದ ನ್ಯಾಶ್‌ವಿಲ್‌ಗೆ ಬಂದರು. ಆಮೇಲೆ ಅರ್ನೆಸ್ಟ್ ಟಬ್, ರೇ ಪ್ರೈಸ್ ಹೀಗೆ ಆ ಸಂಗೀತದ ಘಟಾನುಘಟಿಗಳ ಜೊತೆ ನುಡಿಸಿದರು.

ಅವರು ನುಡಿಸುತ್ತಿದ್ದದ್ದು ಪೆಡಲ್ ಇರುವ ಸ್ಟೀಲ್ ಗಿಟಾರ್, ಅಂದರೆ ಪೆಡಲ್ ಸ್ಟೀಲ್. ಇದರಲ್ಲಿ ಎಡಗೈ ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸುತ್ತದೆ, ಕಾಲು ಪೆಡಲ್ ಒತ್ತಿ ತಂತಿಯ ಶ್ರುತಿ ಏರಿಸುತ್ತದೆ. ಆಗೆಲ್ಲ ಒಂದು ಪೆಡಲ್ ಒತ್ತಿದರೆ ಎರಡು ಸ್ವರಗಳು ಒಟ್ಟಿಗೇ ಏರುತ್ತಿದ್ದವು. 1956ರಲ್ಲಿ ಎಮನ್ಸ್ ಆ ಕೆಲಸವನ್ನು ಎರಡು ಪೆಡಲ್‌ಗಳಿಗೆ ಹಂಚಿದರು. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ಒಂದು ತಂತಿ 'ಬಿ'ಯಿಂದ 'ಸಿ ಶಾರ್ಪ್'ಗೆ ಏರುವಾಗ ಇನ್ನೊಂದು 'ಜಿ ಶಾರ್ಪ್'ನಲ್ಲೇ ನಿಲ್ಲಬಹುದು, ಬೇಕಾದಾಗ ನಿಧಾನಕ್ಕೆ 'ಎ'ಗೆ ಹತ್ತಬಹುದು. ಕೇಳಲು ಚಿಕ್ಕ ಬದಲಾವಣೆ. ಆದರೆ ಕಂಟ್ರಿ ಹಾಡುಗಳಲ್ಲಿ ಎದೆ ಹಿಂಡುವ ಆ ಎಳೆತ ಹೆಚ್ಚಾಗಿ ಬರುವುದು ಇಲ್ಲಿಂದಲೇ. 1962ರಲ್ಲಿ ಇನ್ನೆರಡು ತಂತಿ ಸೇರಿಸಿದರು. ಇಂದಿನ ಹತ್ತು ತಂತಿಯ 'ಇ ನೈನ್ತ್' ಶ್ರುತಿಯಲ್ಲಿ ಅವು ಈಗಲೂ ಇವೆ.

ಸ್ಟೀಲ್ ಗಿಟಾರ್ ವಾದಕ ಶಾಟ್ ಜಾಕ್ಸನ್ ಜೊತೆ ಈ ವಾದ್ಯ ತಯಾರಿಸುವ ಶೋ-ಬಡ್ ಕಂಪನಿ, ಆಮೇಲೆ ತಮ್ಮದೇ ಹೆಸರಿನ ಗಿಟಾರ್ ಕಂಪನಿಯನ್ನೂ ಕಟ್ಟಿದರು. 1963ರಲ್ಲಿ ಜಾಝ್ ಆಲ್ಬಮ್ ಕೂಡ ಮಾಡಿದರು. ಈ ವಾದ್ಯದಲ್ಲಿ ಜಾಝ್ ನುಡಿಸುವುದು ಹುಡುಗಾಟವಲ್ಲ! 2015ರಲ್ಲಿ ತೀರಿಕೊಂಡರು.

ಅವರ ವಾದನ ಕೇಳಿ ನೋಡಬೇಕೆಂದರೆ ಜೂಡಿ ಕಾಲಿನ್ಸ್ ಹಾಡಿದ 'ಸಮ್‌ಡೇ ಸೂನ್'ನಿಂದ ಶುರುಮಾಡಿ. ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಸ್ಟೀಲ್ ಏನು ಮಾಡುತ್ತದೆ ಗಮನಿಸಿ. ನನ್ನ ಮಟ್ಟಿಗೆ ಅವರ ವೇಗಕ್ಕಿಂತ ಆ ಸಂಯಮವೇ ದೊಡ್ಡದು.