ಆಕಾರವಿಲ್ಲದ ಚಿತ್ರದಲ್ಲಿ ಭಾವವೆಲ್ಲಿ?

ಪ್ರಶ್ನೆ: ಮೈಸೂರಿನ ಪ್ರದರ್ಶನವೊಂದರಲ್ಲಿ ಕಡುಗೆಂಪು ಮತ್ತು ಕಪ್ಪು ಮಾತ್ರ ಇದ್ದ ದೊಡ್ಡ ಅಮೂರ್ತ ಚಿತ್ರವನ್ನು ನೋಡಿದೆ. ಅದರಲ್ಲಿ ದುಃಖವಿದೆ ಎಂದಳು ಗೆಳತಿ. ಕುಂಕುಮದ ಕೆಂಪು ಮಂಗಳಕರವಲ್ಲವೇ, ಅದರಲ್ಲಿ ದುಃಖ ಕಾಣುವುದು ಹೇಗೆ? ನನಗೇನೂ ಅನಿಸದಿದ್ದುದು ನನ್ನ ಕೊರತೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಖಂಡಿತ ಕೊರತೆಯಲ್ಲ. ಬಣ್ಣಕ್ಕೊಂದು ಭಾವವನ್ನು ಗೊತ್ತುಮಾಡುವ ಪದ್ಧತಿ ನಮ್ಮಲ್ಲಿ ಹಳೆಯದು; ನಾಟ್ಯಶಾಸ್ತ್ರವು ರೌದ್ರಕ್ಕೆ ಕೆಂಪನ್ನೂ ಕರುಣಕ್ಕೆ ಪಾರಿವಾಳದ ಬೂದುಬಣ್ಣವನ್ನೂ ಹೇಳುತ್ತದೆ. ಆದರೆ ಅದೇ ಕೆಂಪು ಹಣೆಯ ಮೇಲಿದ್ದಾಗ ಯಾರಿಗೂ ರೌದ್ರವೆನಿಸುವುದಿಲ್ಲ. ಬಣ್ಣ ಎಷ್ಟು ಜಾಗ ಹಿಡಿದಿದೆ, ಪಕ್ಕದಲ್ಲಿ ಏನಿದೆ, ತೆಳುವಾಗಿ ಹರಡಿದೆಯೋ ದಪ್ಪವಾಗಿ ಮೆತ್ತಿದೆಯೋ ಎಂಬುದರ ಮೇಲೆ ಭಾವ ಬದಲಾಗುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರು ಬಂದಾಗ, ಅಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್, ದೋಷವಿರುವುದು ಬಣ್ಣದಲ್ಲಲ್ಲ, ಅದರ ಪಕ್ಕದ ನೂಲುಗಳಲ್ಲಿ ಎಂದು ಕಂಡುಕೊಂಡರು. ಈ ಕುರಿತ ಅವರ ಗ್ರಂಥ 1839ರಲ್ಲಿ ಪ್ರಕಟವಾಯಿತು. ನೀವು ನೋಡಿದ ಚಿತ್ರದಲ್ಲಿಯೂ, ಸುತ್ತಲಿನ ಕಪ್ಪಿನ ಒತ್ತಡದಿಂದ ಕೆಂಪು ಕುಂಕುಮದ ನಂಟನ್ನು ಕಳೆದುಕೊಂಡು, ಆರುತ್ತಿರುವ ಕೆಂಡದಂತೆ ನಿಮ್ಮ ಗೆಳತಿಗೆ ಕಂಡಿರಬಹುದು.

ಇದನ್ನು ಅರಿಯಲು ಅಮೂರ್ತ ಚಿತ್ರವೇ ಬೇಕೆಂದಿಲ್ಲ. ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ, ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವನ್ನು (ಇದು ರವಿವರ್ಮರದೆಂದು ಹಲವರು ನಂಬಿದ್ದಾರೆ, ರಚಿಸಿದವರು ಎಸ್. ಎಲ್. ಹಲ್ದಂಕರ್) ನೀವು ನೋಡಿರಬಹುದು. ದೀಪಕ್ಕೆ ಮರೆಮಾಡಿದ ಬೆರಳುಗಳು ಕೆಂಪಾಗಿ ಹೊಳೆಯುತ್ತವೆ, ಮುಖಕ್ಕೆ ಬೆಚ್ಚನೆಯ ಹಳದಿ ಹತ್ತುತ್ತದೆ, ಸೀರೆಯ ಅಂಚಿನತ್ತ ಹೋದಂತೆ ಕತ್ತಲು ತುಂಬುತ್ತದೆ. ಮಹಿಳೆಯನ್ನು ಮರೆತು ಆ ಬೆಳಕು, ಕತ್ತಲುಗಳನ್ನಷ್ಟೇ ನೋಡಿ. ಸಮಾಧಾನವೊಂದು ಆಗಲೂ ಉಳಿಯುತ್ತದೆ. ಅಮೂರ್ತ ಕಲಾವಿದರು ನೇರವಾಗಿ ಹಿಡಿಯಲು ಹೊರಡುವುದು ಈ ಉಳಿಯುವ ಅಂಶವನ್ನೇ, ಮತ್ತು ಅದು ಸುಲಭದ ಕೆಲಸವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಮಾರ್ಕ್ ರಾಥ್ಕೊ (1903–1970) ತೆಳುಪದರಗಳ ಮೇಲೆ ಪದರ ಹಚ್ಚಿ, ಅಂಚುಗಳನ್ನು ಮಸುಕಾಗಿಸಿ, ತಮ್ಮ ದೊಡ್ಡ ಚಿತ್ರಗಳನ್ನು ಸುಮಾರು 45 ಸೆಂಟಿಮೀಟರ್ ಹತ್ತಿರದಿಂದ ನೋಡಬೇಕೆಂದು ಬಯಸುತ್ತಿದ್ದರು. ಮುಂದಿನ ಸಲ ನೀವೂ ಹಾಗೆಯೇ ಚೌಕಟ್ಟು ಕಣ್ಣಿಗೆ ಬೀಳದಷ್ಟು ಹತ್ತಿರ ನಿಂತು, ಇದು ಏನು ಎಂದು ಕೇಳದೆ, ಯಾವ ಬಣ್ಣ ಮುಂದೆ ಬರುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂದು ಗಮನಿಸಿರಿ. ಆಗ ನಿಮಗೆ ದುಃಖದ ಬದಲು ಕೋಪವೋ ನೆಮ್ಮದಿಯೋ ಕಂಡರೆ ಗೆಳತಿಯ ಮಾತಿಗೆ ಹೊಂದಿಸಿಕೊಳ್ಳಬೇಕಿಲ್ಲ; ಅದನ್ನೇ ಅವರಿಗೆ ಹೇಳಿ, ಚಿತ್ರದ ಯಾವ ಭಾಗದಲ್ಲಿ ಹಾಗೆನಿಸಿತೆಂದು ಇಬ್ಬರೂ ಮತ್ತೊಮ್ಮೆ ನೋಡಬಹುದು.