ಟಿ420ಗೆ ಎಸ್‌ಎಸ್‌ಡಿ: ಎಂಸಾಟಾ ಸ್ಲಾಟ್ ಬೇಡ

ಹಳೆಯ ಥಿಂಕ್‌ಪ್ಯಾಡ್ ಟಿ420 ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಡ್ರೈವ್) ಹಾಕಬೇಕು, ಈಗಿರುವ ಹಾರ್ಡ್‌ಡಿಸ್ಕೂ ಉಳಿಯಬೇಕು, ಒಳಗೆ ಸಣ್ಣ ಕಾರ್ಡಿನಂಥ ಎಸ್‌ಎಸ್‌ಡಿ ಕೂರುವ ಎಂಸಾಟಾ ಸ್ಲಾಟಿಗೇ ಹಾಕಿಬಿಡಲಾ ಅಂತ ಕೇಳಿದ್ದೀರಿ, ಅಲ್ವಾ? ಹಾಕಬಹುದು. ಆದರೆ ನಾನಾಗಿದ್ದರೆ ಹಾಕುವುದಿಲ್ಲ. ಸಾಟಾ ಅಂದರೆ ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕನೆಕ್ಷನ್. ಆ ಸ್ಲಾಟ್ ಸಾಟಾ 2, ಅಂದರೆ ಸೆಕೆಂಡಿಗೆ 3 ಗಿಗಾಬಿಟ್ ಅಷ್ಟೇ. ಹಾರ್ಡ್‌ಡಿಸ್ಕ್ ಕೂತಿರುವ ಜಾಗ ಸಾಟಾ 3, ಅದರ ಎರಡರಷ್ಟು. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಂಡು ಅಲ್ಲಿಗೇ ಹಾಕಿ. ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿ ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತರಬೇಡಿ, ಇದರಲ್ಲಿ ಕೂರುವುದೇ ಇಲ್ಲ.

ಹಳೆಯ ಡಿಸ್ಕಿಗೆ ಡಿವಿಡಿ ಡ್ರೈವಿನ ಜಾಗವಿದೆ. ಡ್ರೈವ್ ತೆಗೆದು ಕ್ಯಾಡಿ (ಡಿಸ್ಕನ್ನು ಅಲ್ಲಿ ಕೂರಿಸುವ ಚೌಕಟ್ಟು) ಹಾಕಿದರೆ ಆಯಿತು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಬರುತ್ತವೆ. ಮೊದಲು ನಿಮ್ಮ ಡಿವಿಡಿ ಡ್ರೈವನ್ನು ಸ್ಕೇಲಿನಲ್ಲಿ ಅಳೆಯಿರಿ. ನಾನು ಅಳೆಯದೆ ತರಿಸಿ, ವಾಪಸ್ ಕಳಿಸಲು ಒಂದು ವಾರ ಒದ್ದಾಡಿದ್ದೆ!

ವಿಂಡೋಸ್ ಕ್ಲೋನ್ ಮಾಡುವುದಾದರೆ, ಅಂದರೆ ಹಳೆಯ ಡಿಸ್ಕಿನಲ್ಲಿರುವುದನ್ನು ಹಾಗೇ ಎಸ್‌ಎಸ್‌ಡಿಗೆ ನಕಲು ಮಾಡುವುದಾದರೆ, ಯುಎಸ್‌ಬಿ–ಸಾಟಾ ಕೇಬಲ್ ಬೇಕು. ಫೋಟೊ, ಫೈಲುಗಳನ್ನು ಮೊದಲೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಬಿಚ್ಚುವ ಮುಂಚೆ ಚಾರ್ಜರ್, ಬ್ಯಾಟರಿ ಎರಡೂ ತೆಗೆಯಿರಿ. ಕ್ಲೋನ್ ಆದ ಮೇಲೆ ಮೊದಲ ಸಲ ಎಸ್‌ಎಸ್‌ಡಿ ಒಂದನ್ನೇ ಇಟ್ಟು ಬೂಟ್ ಮಾಡಿ. ಅದು ಸರಿಯಾಗಿ ಬಂದರೆ ಮಾತ್ರ ಹಳೆಯದನ್ನು ಜೋಡಿಸಿ.