ಎರಡು ವಾಕ್ಯ, ಮೂರು ವಿಚಾರಣೆ

ನಮಸ್ಕಾರ. ಅಮೆರಿಕದ ನೌಕಾಪಡೆಯ ವಕೀಲರ ಕಥೆ ಹೇಳುವ ‘ಜ್ಯಾಗ್’ ಟಿವಿ ಸರಣಿಯ ಮೊದಲ ಕಂತಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಸಿಟ್ಟಿನಿಂದ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. 1995ರಲ್ಲಿ ಅಮೆರಿಕದ ಟಿವಿ ವಾಹಿನಿ ಎನ್‌ಬಿಸಿಯಲ್ಲಿ ಶುರುವಾಗಿ, ಒಂದೇ ಸೀಸನ್‌ಗೆ ಅಲ್ಲಿಂದ ಎತ್ತಂಗಡಿಯಾಗಿ, ಸಿಬಿಎಸ್‌ ಸೇರಿ 2005ರವರೆಗೆ ಓಡಿದ ಕಥೆಯನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಬೇರೆಯವರಾಗಿದ್ದರೆ ಎರಡು ಪುಟ ಎಳೆಯುತ್ತಿದ್ದರು. ಕಥಾನಾಯಕ ಹಾರ್ಮನ್ ರಾಬ್, ಅಂದರೆ ಹಾರ್ಮ್, ಮೊದಲು ಪೈಲಟ್ ಆಗಿದ್ದ, ಇರುಳುಗುರುಡಿನಿಂದ ವಿಮಾನ ಬಿಟ್ಟು ನೌಕಾಪಡೆಯ ವಕೀಲನಾದ ಎನ್ನುವ ಪ್ಯಾರಾ ಚೆನ್ನಾಗಿದೆ. ಕತ್ತಲಲ್ಲಿ ಹಡಗಿನ ಮೇಲೆ ಇಳಿಯುವಾಗ ವಿಮಾನದ ಬಾಲದ ಕೊಕ್ಕೆ ಡೆಕ್ ಮೇಲಿನ ತಂತಿಗೆ ಸಿಗುತ್ತೋ ಇಲ್ವೋ ಅಂತ ಓದುವಾಗ ನನಗೂ ಎದೆ ಝಲ್ ಎಂದಿತು.

ಈಗ ಮೂರನೇ ಪ್ಯಾರಾಕ್ಕೆ ಬನ್ನಿ. ನೀವು ಬರೆದದ್ದು ಹೀಗೆ:

“ವಿಚಾರಣೆಗೆಂದು ಬಂದ ಕ್ಯಾಪ್ಟನ್ ಹಾರ್ಮ್, ಹಡಗಿನ ಕ್ಯಾಪ್ಟನ್ ಒಪ್ಪಿಗೆ ಪಡೆದು ಅಪರಾಧಿಗಳ ವಿಚಾರಣೆ ಶುರು ಮಾಡುತ್ತಾನೆ. ವಿಚಾರಣೆ ಮುಗಿದರೆ ಅವರು ಕೋರ್ಟ್ ಮಾರ್ಷಲ್ ಆಗುವುದು ಖಚಿತ.”

ಮೊದಲನೇ ‘ವಿಚಾರಣೆ’ ವಿಚಾರಣೆಯಲ್ಲ. ಹಡಗಿನಿಂದ ಮಹಿಳಾ ಅಧಿಕಾರಿಯೊಬ್ಬಳು ಕಾಣೆಯಾಗಿದ್ದಾಳೆ, ಏನಾಯಿತು ಅಂತ ನೋಡಲು ಬಂದಿದ್ದಾನೆ. ಅದು ತನಿಖೆ.

ಎರಡನೆಯದು ಬರೀ ಪ್ರಶ್ನೆ ಕೇಳುವುದು. ಬರೀ ಅಂದೆ, ಆದರೆ ಅದು ಅಷ್ಟು ಸುಲಭವಲ್ಲ. 1950ರಲ್ಲಿ ಬಂದ ಅಮೆರಿಕದ ಸೇನಾ ಕಾನೂನಿನ 31ನೇ ವಿಧಿ ಪ್ರಕಾರ, ಶಂಕಿತನನ್ನು ಪ್ರಶ್ನಿಸುವ ಮೊದಲು ಯಾವ ಅಪರಾಧದ ಅನುಮಾನ ಅಂತ ಹೇಳಬೇಕು. ಬಾಯಿ ಬಿಡಲೇಬೇಕೆಂದಿಲ್ಲ, ಬಿಟ್ಟರೆ ಅದೇ ನಿನ್ನ ಮೇಲೆ ಸಾಕ್ಷ್ಯವಾಗಬಹುದು ಅಂತಲೂ ಹೇಳಬೇಕು. ಸಿನಿಮಾದಲ್ಲಿ ಅಲ್ಲಿನ ಪೊಲೀಸರು ಇಂಥದೇ ಎಚ್ಚರಿಕೆಯನ್ನು ಗಿಣಿಪಾಠ ಒಪ್ಪಿಸುತ್ತಾರಲ್ಲ, ಅದಕ್ಕೆ ಕಾರಣವಾದ ಮಿರಾಂಡಾ ತೀರ್ಪು ಬಂದದ್ದು 1966ರಲ್ಲಿ. ಸೇನೆಗೆ ಯಾಕೆ ಇದು ಮೊದಲೇ ಬೇಕಾಯಿತು? ಮೇಲಧಿಕಾರಿ ಕೇಳಿದಾಗ ಸುಮ್ಮನಿರುವ ಅಭ್ಯಾಸ ಅಲ್ಲಿ ಯಾರಿಗೂ ಇಲ್ಲ. ಪ್ರಶ್ನೆಯೇ ಆಜ್ಞೆಯ ಹಾಗೆ ಕೇಳಿಸುತ್ತದೆ. ಇಷ್ಟೆಲ್ಲ ಇರುವ ಜಾಗದ ಮೇಲೆ ನೀವು ‘ವಿಚಾರಣೆ’ ಎಂಬ ಕಂಬಳಿ ಹೊದಿಸಿ ಮುಂದೆ ಹೋಗಿದ್ದೀರಿ.

ಮೂರನೆಯದು ತಮಾಷೆ. ವಿಚಾರಣೆ ಮುಗಿದರೆ ಕೋರ್ಟ್ ಮಾರ್ಷಲ್ ಅಂದಿರಿ. ಸ್ವಾಮಿ, ಕೋರ್ಟ್ ಮಾರ್ಷಲ್ಲೇ ವಿಚಾರಣೆ! ನಮ್ಮಲ್ಲಿ ‘ಕೋರ್ಟ್ ಮಾರ್ಷಲ್ ಆದ’ ಅಂದರೆ ಕೆಲಸ ಹೋಯಿತು, ಮಾನ ಹೋಯಿತು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಅದು ಶಿಕ್ಷೆಯ ಹೆಸರಲ್ಲ, ನ್ಯಾಯಾಲಯದ ಹೆಸರು. ದೊಡ್ಡ ಪ್ರಕರಣವಾದರೆ ಅದಕ್ಕೂ ಮೊದಲು, ಆರೋಪದಲ್ಲಿ ಹುರುಳಿದೆಯೇ ಎಂದು ನೋಡಲು 32ನೇ ವಿಧಿಯ ಇನ್ನೊಂದು ಹಂತವಿದೆ. ಕೋರ್ಟ್ ಮಾರ್ಷಲ್ ಎದುರಿಸಿ ನಿರ್ದೋಷಿಯಾಗಿ ಹೊರಬಂದವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ‘ಅಪರಾಧಿಗಳು’. ಈ ಪದ ಕಂಡರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಕಾರಣ ಇದೆ. ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ಸೇರಿದ ಹೊಸದು. ಕೋರ್ಟಿನ ಸುದ್ದಿ ನನ್ನ ಪಾಲಿಗೆ ಬಂದಿತ್ತು. ‘ಕೊಲೆಗಾರನನ್ನು ಪೊಲೀಸರು ವಿಚಾರಣೆ ನಡೆಸುತ್ತಿದ್ದಾರೆ’ ಅಂತ ಬರೆದೆ. ಹಿರಿಯ ಉಪಸಂಪಾದಕರು ಅವತ್ತು ರಜೆ. ಹಾಗೇ ಅಚ್ಚಾಯಿತು. ಒಂದೂವರೆ ವರ್ಷದ ಮೇಲೆ ಆ ಮನುಷ್ಯ ಬಿಡುಗಡೆಯಾಗಿ ಕಚೇರಿಗೆ ಬಂದ. ಜೇಬಿನಿಂದ ಆ ತುಣುಕು ತೆಗೆದ. ಮಡಚಿ ಮಡಚಿ ಮಡಿಕೆಯಲ್ಲಿ ಹರಿದಿತ್ತು. ಮೇಜಿನ ಮೇಲೆ ಎರಡು ಚೂರನ್ನೂ ಜೋಡಿಸಿಟ್ಟು, “ನಾನು ಯಾವಾಗ ಕೊಲೆಗಾರ ಆದೆ ಸಾರ್?” ಅಂದ. ಜಗಳ ಮಾಡಲಿಲ್ಲ. ಟೀ ತರಿಸಿದೆವು, ಕುಡಿಯಲಿಲ್ಲ. ಹಿರಿಯರು ಆಮೇಲೆ ನನಗೆ ಬೈಯಲೂ ಇಲ್ಲ. ಒಂದು ತಿಂಗಳು ನನ್ನ ಪ್ರತಿಯಲ್ಲಿ ‘ಆರೋಪಿ’, ‘ಶಂಕಿತ’, ‘ಅಪರಾಧಿ’ ಬಂದಲ್ಲೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕೊಡುತ್ತಿದ್ದರು. ಸರಿ ಇದ್ದರೂ ಸುತ್ತು.

ನಿಮ್ಮದು ಕಟ್ಟುಕಥೆಯ ಪಾತ್ರ, ಯಾರೂ ತುಣುಕು ಹಿಡಿದು ಬರುವುದಿಲ್ಲ, ನಿಜ. ಆದರೂ ಕೊಲೆಗಾರ ಯಾರು ಅಂತ ಕಾಯಿಸುವ ಕಂತಿನ ಬಗ್ಗೆ ಬರೆಯುತ್ತಾ ಮೂರನೇ ಪ್ಯಾರಾದಲ್ಲೇ ಎಲ್ಲರನ್ನೂ ಅಪರಾಧಿ ಮಾಡಿದರೆ ಓದುವವರು ಯಾಕೆ ಮುಂದೆ ಓದಬೇಕು?

ಕ್ಯಾಪ್ಟನ್ ವಿಷಯ ಚುಟುಕಾಗಿ. ಮೊದಲ ಕಂತಿನಲ್ಲಿ ಹಾರ್ಮ್ ನೌಕಾಪಡೆಯ ಲೆಫ್ಟಿನೆಂಟ್. ಆ ದರ್ಜೆ ಭೂಸೇನೆಯ ಕ್ಯಾಪ್ಟನ್‌ಗೆ ಸಮ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ, ಅಂದರೆ ಮೂರು ಮೆಟ್ಟಿಲು ಮೇಲೆ. ವಿಮಾನ ತಂಡಗಳ ಮುಖ್ಯಸ್ಥ ಬೂನ್ ಅಂಥ ಒಬ್ಬ ಕ್ಯಾಪ್ಟನ್. ನೀವು ಹಾರ್ಮ್‌ನನ್ನೂ ಕ್ಯಾಪ್ಟನ್ ಮಾಡಿದರೆ ಅವರಿಬ್ಬರು ಎದುರು ನಿಂತಾಗ ಕಿರಿಯನಿಗಿರುವ ಮುಜುಗರವೇ ಮಾಯ.

ಉಳಿದದ್ದನ್ನು ನಾನು ಹೀಗೆ ಪದ ಪದ ಬಿಡಿಸಿ ನೋಡಿಲ್ಲ, ನೋಡುವ ತಾಳ್ಮೆ ಇರಲಿಲ್ಲ. ಮೂರನೇ ಪ್ಯಾರಾ ಹೊಸದಾಗಿ ಬರೆದು ಹದಿನೈದು ದಿನದಲ್ಲಿ ಕಳಿಸಿ. ಕೊಕ್ಕೆ-ತಂತಿ ಪ್ಯಾರಾ ಮಾತ್ರ ಮುಟ್ಟಬೇಡಿ.